ತಂತಿ ಬದಲಿಸಿದ ಮೇಲೆ ಗಿಟಾರ್ ಜಿರ್ ಅನ್ನುತ್ತಿದೆ, ಫ್ರೆಟ್ ಹೋಗಿದೆಯಾ?

ಪ್ರಶ್ನೆ: ಸರ್, ನಾನು ಪುತ್ತೂರಿನವನು. ಕಾಲೇಜಿನ ಬ್ಯಾಂಡ್‌ನಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಸ್ಟ್ರಾಟೋಕಾಸ್ಟರ್ ಮಾದರಿಯ ಗಿಟಾರ್, ಸೀನಿಯರ್ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಒಂದು ವರ್ಷ ಚೆನ್ನಾಗಿಯೇ ಇತ್ತು. ಬೆರಳು ನೋಯುತ್ತದೆ ಅಂತ ಈ ಮಳೆಗಾಲದ ಶುರುವಿನಲ್ಲಿ 10ರ ತಂತಿ ತೆಗೆದು 9ರ ಸೆಟ್ ಹಾಕಿದೆ. ನಮ್ಮ ಹಾಡುಗಾರನಿಗೆ ಶ್ರುತಿ ಎತ್ತರ ಆಗುತ್ತದೆ ಅಂತ ಅದೇ ಸಮಯಕ್ಕೆ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿದೆವು. ಅವತ್ತಿನಿಂದ ದಪ್ಪ ಮೂರು ತಂತಿಗಳು ಜಿರ್ ಅನ್ನುತ್ತಿವೆ. ಓಪನ್ ನುಡಿಸಿದರೂ ಬರುತ್ತದೆ, 1ರಿಂದ 5ನೇ ಫ್ರೆಟ್‌ವರೆಗೆ (ಗಿಟಾರಿನ ಉದ್ದ ಕತ್ತು, ಅಂದರೆ ನೆಕ್ ಮೇಲಿರುವ ಅಡ್ಡ ಲೋಹದ ಪಟ್ಟಿಗಳು) ಜಾಸ್ತಿ, 8ನೇ ಫ್ರೆಟ್ ದಾಟಿದರೆ ಕಡಿಮೆ. ಬ್ರಿಡ್ಜ್‌ನ (ಬಾಡಿ ಮೇಲೆ ತಂತಿಗಳು ಕೂರುವ ಲೋಹದ ಭಾಗ) ಹಿಂಭಾಗ ಮುಂಚೆ ಬಾಡಿಯಿಂದ ಸ್ವಲ್ಪ ಎದ್ದಿತ್ತು, ಈಗ ಅಂಟಿಕೊಂಡ ಹಾಗಿದೆ. ಮೂರನೇ ತಂತಿಯಲ್ಲಿ 14ನೇ ಫ್ರೆಟ್ ಒತ್ತಿದರೆ ಸ್ವರ ಟಪ್ ಅಂತ ಸಾಯುತ್ತದೆ, ಇದು ಮುಂಚಿನಿಂದಲೂ ಇದೆ. ಅಂಗಡಿಯಲ್ಲಿ ತೋರಿಸಿದರೆ "ಫ್ರೆಟ್ ಎಲ್ಲ ಹೋಗಿದೆ, ರೀಫ್ರೆಟ್ ಮಾಡಿಸಬೇಕು, ಅಂದರೆ ಎಲ್ಲ ಫ್ರೆಟ್ ಕಿತ್ತು ಹೊಸದು ಹಾಕಿಸಬೇಕು" ಅಂದರು. ಅವರು ಹೇಳಿದ ದುಡ್ಡು ನಾನು ಗಿಟಾರಿಗೆ ಕೊಟ್ಟಿದ್ದರ ಅರ್ಧ. ಬ್ಯಾಂಡ್‌ನ ಗೆಳೆಯ ಟ್ರಸ್ ರಾಡ್ ಬಿಗಿ ಮಾಡು ಅಂತಾನೆ. ಅಮ್ಮ ವೀಣೆ ಕಲಿತವರು, ವೀಣೆಗೆ ಮೇಳ ಕಟ್ಟಿಸುವ ಹಾಗೆ ಇದಕ್ಕೂ ಏನೋ ಇರಬೇಕು ಅಂತಾರೆ. ಆಂಪ್‌ನಲ್ಲೂ ಗುಂಯ್ ಅಂತ ಒಂದು ಸದ್ದಿದೆ, ತಂತಿ ಮುಟ್ಟಿದರೆ ಕಡಿಮೆ ಆಗುತ್ತದೆ. ಯಾರ ಮಾತು ಕೇಳಲಿ?

ಉತ್ತರ: ಅಂಗಡಿಗೆ ಇನ್ನೂ ಮುಂಗಡ ಕೊಟ್ಟಿಲ್ಲ ಅಂದರೆ ಕೊಡಬೇಡಿ. ಗೆಳೆಯನ ಕೈಯಿಂದ ಟ್ರಸ್ ರಾಡ್ ತಿರುಗಿಸುವ ಅಲೆನ್ ಕೀ ಕಸಿದು ಇಟ್ಟುಕೊಳ್ಳಿ. ಅಮ್ಮನ ಮಾತಿನಲ್ಲಿ ಅರ್ಧ ಸರಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ಒಂದು ತೊಂದರೆ ಇಲ್ಲ, ಮೂರು ಇವೆ. ದಪ್ಪ ತಂತಿಗಳ ಜಿರ್ ಸದ್ದು ಒಂದು. 14ನೇ ಫ್ರೆಟ್‌ನಲ್ಲಿ ಸಾಯುವ ಸ್ವರ ಇನ್ನೊಂದು. ಆಂಪ್‌ನ ಗುಂಯ್ ಮೂರನೆಯದು. ಮೂರಕ್ಕೂ ಕಾರಣ ಬೇರೆ, ಪರಿಹಾರ ಬೇರೆ. ಮೂರನ್ನೂ ಒಟ್ಟಿಗೆ ಹೇಳಿಕೊಂಡು ಗಿಟಾರನ್ನು ಮೇಜಿನ ಮೇಲಿಟ್ಟರೆ ಯಾರಿಗಾದರೂ "ಇದೆಲ್ಲ ಹೋಗಿದೆ" ಅಂತ ಅನ್ನಿಸುವುದು ಸಹಜ.

ಮೊದಲನೆಯದರ ಬಗ್ಗೆ ನನಗೆ ಹೆಚ್ಚು ಅನುಮಾನವಿಲ್ಲ. ಫ್ರೆಟ್ ಸವೆಯುವುದು ನಿಧಾನದ ಕೆಲಸ. ತಿಂಗಳು, ವರ್ಷಗಟ್ಟಲೆ ತಂತಿ ಉಜ್ಜಿ ಉಜ್ಜಿ ಸವೆಯುತ್ತದೆ. ಭಾನುವಾರ ಸರಿ ಇದ್ದ ಫ್ರೆಟ್ ಸೋಮವಾರ ಹೋಗುವುದಿಲ್ಲ. ನಿಮ್ಮ ಗಿಟಾರ್ ಜಿರ್ ಅನ್ನಲು ಶುರು ಮಾಡಿದ್ದು ತಂತಿ ಬದಲಿಸಿದ ದಿನದಿಂದ, ಅಂತ ನೀವೇ ಬರೆದಿದ್ದೀರಿ. ರಿಪೇರಿಗೆ ಬರುವವರಲ್ಲಿ ಈ ಒಂದು ವಿಷಯವನ್ನು ಗಮನಿಸಿ ಹೇಳುವವರು ಕಡಿಮೆ. ಅವತ್ತು ಏನು ಬದಲಾಯಿತು ಅಂತ ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ.

ಬದಲಾಗಿದ್ದು ಎಳೆತ

ಸ್ಟ್ರಾಟ್ ಮಾದರಿಯ ಗಿಟಾರ್‌ನಲ್ಲಿ ನಟ್‌ನಿಂದ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸ್ಯಾಡಲ್‌ವರೆಗಿನ (ಬ್ರಿಡ್ಜ್ ಮೇಲೆ ಒಂದೊಂದು ತಂತಿ ಕೂರುವ ತುಂಡು) ತಂತಿಯ ಉದ್ದ ಸುಮಾರು 648 ಮಿ.ಮೀ. ಈ ಉದ್ದದಲ್ಲಿ ಮಾಮೂಲಿ ಶ್ರುತಿಗೆ ಕಟ್ಟಿದ 10-46ರ ಸೆಟ್ (ಅತಿ ಸಣ್ಣ ತಂತಿಯ ದಪ್ಪ ಒಂದು ಇಂಚಿನ ಸಾವಿರದಲ್ಲಿ 10 ಭಾಗ, ಅತಿ ದಪ್ಪದ್ದು 46 ಭಾಗ) ನೆಕ್ಕನ್ನು ಒಟ್ಟು ಸುಮಾರು 47 ಕಿಲೋ ಬಲದಿಂದ ಎಳೆಯುತ್ತದೆ. 9-42ರ ಸೆಟ್ ಎಳೆಯುವುದು ಸುಮಾರು 38ರಿಂದ 39 ಕಿಲೋ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು, ಅಷ್ಟೆ. ಇನ್ನು ಅರ್ಧ ಸ್ವರ ಇಳಿಸಿದರೆ ಎಳೆತ ಇನ್ನೂ ಶೇ. 11ರಷ್ಟು ಕಡಿಮೆಯಾಗುತ್ತದೆ. ಲೆಕ್ಕ ಹಾಕಿ ನೋಡಿ. 47 ಕಿಲೋ ಇದ್ದದ್ದು 34ಕ್ಕೆ ಬಂತು. ನೆಕ್ ಮೇಲಿಂದ 13 ಕಿಲೋ ಭಾರ ಒಂದೇ ದಿನ ಇಳಿದಿದೆ.

ಈ ಎಳೆತಕ್ಕೆ ಎದುರಾಗಿ ನೆಕ್ ಒಳಗೆ ಒಂದು ಸ್ಟೀಲ್ ಕಂಬಿ ಇದೆ. ಅದೇ ಟ್ರಸ್ ರಾಡ್. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂಗೆ 1923ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಇವತ್ತಿಗೂ ತತ್ವ ಅದೇ. ತಂತಿಗಳು ನೆಕ್ಕನ್ನು ಮುಂದಕ್ಕೆ ಬಾಗಿಸುತ್ತವೆ, ರಾಡ್ ಹಿಂದಕ್ಕೆ ಎಳೆಯುತ್ತದೆ. ಎರಡರ ನಡುವೆ ರಾಜಿ ಆದಾಗ ನೆಕ್ ಪೂರ್ತಿ ನೇರವೂ ಅಲ್ಲದೆ, ತೀರ ಬಾಗಿಯೂ ಇಲ್ಲದೆ ಮಧ್ಯದಲ್ಲಿ ಕೂದಲೆಳೆಯಷ್ಟು ತಗ್ಗಾಗಿ ನಿಲ್ಲುತ್ತದೆ. ಆ ತಗ್ಗಿಗೆ ರಿಲೀಫ್ ಅನ್ನುತ್ತೇವೆ. ನಿಮ್ಮ ರಾಡ್ 47 ಕಿಲೋಗೆ ಹೊಂದಿಸಿದ್ದು. ಎದುರಿಗೆ ಈಗ 34 ಕಿಲೋ ಮಾತ್ರ ಇದೆ. ಹಾಗಾಗಿ ರಾಡ್ ಗೆದ್ದಿದೆ. ನೆಕ್ ಪೂರ್ತಿ ನೇರ ಆಗಿರಬೇಕು, ಇಲ್ಲವೇ ಹಿಂದಕ್ಕೆ ಬಾಗಿರಬೇಕು.

ನೆಕ್ ಹಿಂದಕ್ಕೆ ಬಾಗಿದರೆ ಮಧ್ಯದ ಫ್ರೆಟ್‌ಗಳು ದಿಬ್ಬದ ಹಾಗೆ ಏಳುತ್ತವೆ. ನೀವು 2ನೇ ಫ್ರೆಟ್ ಒತ್ತಿದಾಗ ಅದರ ಮುಂದಿನ 3, 4, 5ನೇ ಫ್ರೆಟ್‌ಗಳು ತಂತಿಯ ದಾರಿಗೆ ಅಡ್ಡ ಬರುತ್ತವೆ. ತಂತಿ ಅಲುಗುವಾಗ ಅವುಗಳ ನೆತ್ತಿಗೆ ತಾಗುತ್ತದೆ. ಅದೇ ನಿಮ್ಮ ಜಿರ್. ದಿಬ್ಬ ದಾಟಿ ಮೇಲೆ ಹೋದರೆ ತಂತಿಗೆ ಮತ್ತೆ ಜಾಗ ಸಿಗುತ್ತದೆ. 8ನೇ ಫ್ರೆಟ್ ಆದಮೇಲೆ ಸದ್ದು ಕಡಿಮೆ ಅಂತ ನೀವು ಬರೆದಿದ್ದು ಇದಕ್ಕೇ ಹೊಂದುತ್ತದೆ.

ಇನ್ನೊಂದು ಸುಳಿವು ಬ್ರಿಡ್ಜ್‌ನದು. ನಿಮ್ಮದು ಸ್ಪ್ರಿಂಗ್ ಇರುವ ಟ್ರೆಮೊಲೊ ಬ್ರಿಡ್ಜ್. ಮುಂದೆ ತಂತಿಗಳು ಎಳೆಯುತ್ತವೆ, ಬಾಡಿಯ ಹಿಂಭಾಗದ ಗುಳಿಯಲ್ಲಿರುವ ಸ್ಪ್ರಿಂಗ್‌ಗಳು ಹಿಂದೆ ಎಳೆಯುತ್ತವೆ. ತಂತಿ ಸೋತಾಗ ಸ್ಪ್ರಿಂಗ್ ಬ್ರಿಡ್ಜನ್ನು ಬಾಡಿಗೆ ಅಮುಕಿ ಕೂರಿಸಿದೆ. ಪ್ಲೇಟ್ ಇಳಿದರೆ ಅದರ ಮೇಲಿನ ಸ್ಯಾಡಲ್‌ಗಳೂ ಇಳಿಯುತ್ತವೆ. ಸ್ಯಾಡಲ್ ಇಳಿದರೆ ತಂತಿ ಫ್ರೆಟ್‌ಗೆ ಹತ್ತಿರ ಬರುತ್ತದೆ. ಅಂದರೆ ಕೆಳಗಿನಿಂದ ನೆಕ್ ಎದ್ದಿದೆ, ಮೇಲಿನಿಂದ ತಂತಿ ಇಳಿದಿದೆ. ಸಾಲದ್ದಕ್ಕೆ ಸಡಿಲ ತಂತಿ ಬಿಗಿ ತಂತಿಗಿಂತ ಅಗಲವಾಗಿ ತೂಗುತ್ತದೆ, ಅದರಲ್ಲೂ ದಪ್ಪ ತಂತಿಗಳು ಇನ್ನೂ ಜಾಸ್ತಿ. ಹೀಗಿರುವಾಗ ಜಿರ್ ಅನ್ನದೆ ಇದ್ದಿದ್ದರೆ ಆಶ್ಚರ್ಯಪಡಬೇಕಿತ್ತು.

ಹಾಗಾಗಿ ಟ್ರಸ್ ರಾಡ್ ಬಿಗಿ ಮಾಡು ಅನ್ನುವ ಗೆಳೆಯನ ಸಲಹೆ ಸರಿಯಾಗಿ ಉಲ್ಟಾ ದಿಕ್ಕಿನದು. ಬಿಗಿ ಮಾಡಿದರೆ ನೆಕ್ ಇನ್ನೂ ಹಿಂದಕ್ಕೆ ಹೋಗುತ್ತದೆ. ಜಿರ್ ಹೆಚ್ಚಾದಾಗ ಇನ್ನೂ ಸ್ವಲ್ಪ ಬಿಗಿ ಮಾಡೋಣ ಅಂತ ಮನಸ್ಸಾಗುತ್ತದೆ. ರಾಡ್‌ನ ನಟ್ ಬೋಳಾಗುವುದು, ರಾಡ್ ತುಂಡಾಗುವುದು ಹೀಗೆಯೇ. ಅಂಥ ಗಿಟಾರ್‌ಗಳು ನನ್ನ ಬೆಂಚಿಗೆ ಬಂದಾಗ ಮಾತ್ರ ನಿಜವಾಗಿ ದೊಡ್ಡ ಬಿಲ್ ಆಗುತ್ತದೆ. ಟ್ರಸ್ ರಾಡ್ ತಂತಿಯ ಎತ್ತರ ಹೊಂದಿಸುವ ಸ್ಕ್ರೂ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಅದು ನೆಕ್‌ನ ಬಾಗು ಹೊಂದಿಸುವುದಕ್ಕೆ ಮಾತ್ರ. ಎತ್ತರ ಹೊಂದಿಸಲು ಸ್ಯಾಡಲ್ ಇದೆ.

ಅಮ್ಮನ ಮಾತಿಗೆ ಬರೋಣ. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಬಿಸಿಲಿಗೆ ಮೇಣ ಮೆತ್ತಗಾಗಿ, ಬಳಕೆಯಲ್ಲಿ ಮೆಟ್ಟಿಲು ಜರುಗಿ, ಸ್ವರ ತಪ್ಪುತ್ತದೆ. ಆಗ ಮೇಳ ಕಟ್ಟಿಸುತ್ತಾರೆ. ಗಿಟಾರ್‌ನಲ್ಲಿ ಮೇಣ ಇಲ್ಲ, ಮರದಲ್ಲಿ ಸೀಳು ಕೊಯ್ದು ಲೋಹದ ಫ್ರೆಟ್ ಹೊಡೆದು ಕೂರಿಸಿರುತ್ತಾರೆ, ಅದು ಸುಮ್ನೆ ಜರುಗುವುದಿಲ್ಲ. ಆದರೆ ವಾದ್ಯವನ್ನು ಆಗಾಗ ಹೊಂದಿಸಬೇಕು ಅನ್ನುವ ಅವರ ಮೂಲ ಮಾತು ಸರಿ. ಗಿಟಾರ್‌ನವರು ಅದನ್ನು ಸೆಟಪ್ ಅನ್ನುತ್ತಾರೆ. ತಂತಿಯ ದಪ್ಪ ಬದಲಿಸಿದರೆ, ಶ್ರುತಿ ಕಾಯಂ ಆಗಿ ಬದಲಿಸಿದರೆ ಸೆಟಪ್ ಮಾಡಲೇಬೇಕು. ನೀವು ಎರಡನ್ನೂ ಒಟ್ಟಿಗೆ ಮಾಡಿದ್ದೀರಿ, ಸೆಟಪ್ ಮಾತ್ರ ಬಿಟ್ಟಿದ್ದೀರಿ.

ಮನೆಯಲ್ಲಿ ಅಳೆಯುವುದು ಹೇಗೆ

ಸ್ಕ್ರೂ ಮುಟ್ಟುವ ಮುಂಚೆ ಅಳತೆ ತೆಗೆಯಿರಿ. ಬೇಕಾಗಿರುವುದು ಒಂದು ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್), ಅರ್ಧ ಮಿ.ಮೀ. ಗುರುತಿರುವ ಸ್ಟೀಲ್ ಸ್ಕೇಲ್, ಮತ್ತು ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು). ಫೀಲರ್ ಗೇಜ್‌ಗೆ ಮ್ಯೂಸಿಕ್ ಅಂಗಡಿ ಹುಡುಕಬೇಡಿ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಬಳಸುತ್ತಾರಲ್ಲ, ಅದೇ. ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲವಾದರೆ ಗುರುತಿನ ಮೆಕ್ಯಾನಿಕ್ ಹತ್ತಿರ ಒಂದು ಸಂಜೆಗೆ ಕೇಳಿ. ಅದೂ ಇಲ್ಲ ಅಂದರೆ ನೀವು ತೆಗೆದುಹಾಕಿದ ಹಳೆಯ 10ರ ಸೆಟ್‌ನ ಮೊದಲನೇ ತಂತಿ ಹುಡುಕಿ. ಅದರ ದಪ್ಪ ಒಂದು ಇಂಚಿನ ಸಾವಿರದಲ್ಲಿ ಹತ್ತು ಭಾಗ, ಅಂದರೆ 0.25 ಮಿ.ಮೀ. ನಮಗೆ ಬೇಕಾದ ಅಳತೆ ಅದೇ.

ನೀವು ಈಗ ನುಡಿಸುವ ಶ್ರುತಿಗೇ ತಂತಿ ಕಟ್ಟಿ. ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸದೆ, ನುಡಿಸುವಾಗ ಹಿಡಿಯುವ ಹಾಗೆ ತೊಡೆಯ ಮೇಲೆ ಇಟ್ಟುಕೊಳ್ಳಿ. 1ನೇ ಫ್ರೆಟ್‌ಗೆ ಕೇಪೋ ಹಾಕಿ. ಬಲಗೈಯಿಂದ ದಪ್ಪ ಇ ತಂತಿಯನ್ನು ನೆಕ್ ಬಾಡಿಗೆ ಸೇರುವ ಕಡೆ, ಸುಮಾರು 17ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ಒಂದು ನೇರ ಗೆರೆ. 8ನೇ ಫ್ರೆಟ್‌ನ ನೆತ್ತಿಗೂ ತಂತಿಗೂ ನಡುವಿನ ಸಂದು ನೋಡಿ. ಸ್ಟ್ರಾಟೋಕಾಸ್ಟರ್ ತಯಾರಿಸುವ ಫೆಂಡರ್ ಕಂಪನಿ ಅದರ ಇತ್ತೀಚಿನ ಗಿಟಾರ್‌ಗಳಿಗೆ ಹೇಳುವ ಅಳತೆ ಇಲ್ಲಿ 0.25 ಮಿ.ಮೀ. ಹಳೆಯ ತಂತಿಯ ತುಂಡನ್ನು ಸಂದಿಗೆ ತೂರಿಸಿ. ಮೇಲಿನ ತಂತಿ ಕದಲದಂತೆ ತೂರಿದರೆ ರಿಲೀಫ್ ಸರಿ ಇದೆ. ತೂರದಿದ್ದರೆ ಕಡಿಮೆ ಇದೆ. ಸಂದೇ ಇಲ್ಲದೆ ತಂತಿ ಫ್ರೆಟ್ ಮೇಲೆ ಮಲಗಿದ್ದರೆ ನೆಕ್ ಹಿಂದಕ್ಕೆ ಬಾಗಿದೆ ಅಂತ ಅರ್ಥ. ನಿಮ್ಮ ಗಿಟಾರ್ ಈ ಮೂರನೆಯದೇ ಇರುತ್ತದೆ ಅನ್ನುವುದು ನನ್ನ ಊಹೆ. ಊಹೆ ತಪ್ಪಾಗಿ ಸಂದು ಚೆನ್ನಾಗಿಯೇ ಇದ್ದರೆ ರಾಡ್ ಮುಟ್ಟುವ ಅಗತ್ಯವಿಲ್ಲ, ತೊಂದರೆ ಪೂರ್ತಿ ಬ್ರಿಡ್ಜ್ ಕಡೆಗೆ ಇದೆ.

ಆಮೇಲೆ ಕೇಪೋ ತೆಗೆದು, ಏನೂ ಒತ್ತದೆ, 17ನೇ ಫ್ರೆಟ್‌ನ ನೆತ್ತಿಯಿಂದ ತಂತಿಯ ತಳದವರೆಗಿನ ಎತ್ತರ ಅಳೆಯಿರಿ. ಇದು ಆಕ್ಷನ್. ಫೆಂಡರ್ ಹೇಳುವುದು 1.6 ಮಿ.ಮೀ., ಅದರ ಸುತ್ತಮುತ್ತ ಇರಬೇಕು. ಬರೆದಿಟ್ಟುಕೊಳ್ಳಿ.

ನಟ್ ಕೂಡ ಒಮ್ಮೆ ನೋಡಿಬಿಡಿ. ನಟ್ ಅಂದರೆ ನೆಕ್ ತುದಿಯಲ್ಲಿ ತಂತಿ ಕೂರುವ ಕೊರೆಗಳಿರುವ ಪಟ್ಟಿ. ಒಂದೊಂದೇ ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿ, 1ನೇ ಫ್ರೆಟ್ ಮೇಲೆ ಬೆಳಕಿನ ಗೆರೆಯಷ್ಟಾದರೂ ಸಂದು ಉಳಿದಿದೆಯಾ ಅಂತ ನೋಡಿ. ತಂತಿಯನ್ನು ಬೆರಳಿನಿಂದ ತಟ್ಟಿದರೆ ಟಿಕ್ ಅನ್ನಬೇಕು. ಸಂದಿಲ್ಲದಿದ್ದರೆ ಕೊರೆ ಆಳವಾಗಿದೆ. ಆಗ ಓಪನ್ ತಂತಿ ಮಾತ್ರ ಜಿರ್ ಅನ್ನುತ್ತದೆ, ಯಾವ ಫ್ರೆಟ್ ಒತ್ತಿದರೂ ಸದ್ದು ಮಾಯ. ನಿಮಗೆ ಫ್ರೆಟ್ ಒತ್ತಿದರೂ ಬರುತ್ತಿರುವುದರಿಂದ ನಟ್ ಮೇಲೆ ನನಗೆ ಅನುಮಾನ ಕಡಿಮೆ.

ಬೇರೆ ಓದುಗರಿಗೂ ಉಪಯೋಗವಾಗಲಿ ಅಂತ ಒಂದು ಮಾತು. ಜಿರ್ ಸದ್ದು ಎಲ್ಲಿ ಬರುತ್ತದೆ ಅನ್ನುವುದೇ ಅರ್ಧ ರೋಗನಿರ್ಣಯ. ಎಲ್ಲ ಕಡೆ ಒಂದೇ ಸಮ ಬಂದರೆ ಆಕ್ಷನ್ ಕಡಿಮೆ. 12ನೇ ಫ್ರೆಟ್ ಮೇಲೆ ಮಾತ್ರ ಬಂದರೆ ರಿಲೀಫ್ ಜಾಸ್ತಿ ಇರಬಹುದು, ಅಥವಾ ನೆಕ್ ಬಾಡಿಗೆ ಸೇರುವ ಕಡೆ ಫ್ರೆಟ್‌ಬೋರ್ಡ್ ಎದ್ದಿರಬಹುದು. ಒಂದೇ ಒಂದು ಕಡೆ ಬಂದರೆ ಅದರ ಮುಂದಿನ ಫ್ರೆಟ್ ಎತ್ತರ ಇದೆ, ಅಥವಾ ಆ ಫ್ರೆಟ್ ಸವೆದಿದೆ. ಎಲ್ಲಿ ಒತ್ತಿದರೂ ಒಂದೇ ಸ್ವರಕ್ಕೆ ಮಾತ್ರ ಏನೋ ಗಿರಗಿರ ಅಂದರೆ ಅದು ಫ್ರೆಟ್ಟೇ ಅಲ್ಲ. ಶ್ರುತಿ ಕೀಲಿಯ ಸಡಿಲ ವಾಷರ್, ಸ್ಯಾಡಲ್‌ನ ಸಣ್ಣ ಸ್ಕ್ರೂ, ಪಿಕಪ್‌ನ (ತಂತಿಯ ಅದುರನ್ನು ಹಿಡಿದು ಆಂಪ್‌ಗೆ ಕಳಿಸುವ ಭಾಗ) ಸ್ಪ್ರಿಂಗ್ ಇಂಥದ್ದೇನೋ ಅದುರುತ್ತಿರುತ್ತದೆ. ಒಂದೊಂದನ್ನೇ ಬೆರಳಿಂದ ಒತ್ತಿ ಹಿಡಿದು ನುಡಿಸಿದರೆ ಕಳ್ಳ ಸಿಗುತ್ತಾನೆ.

ಸರಿ ಮಾಡುವ ಕ್ರಮ

ಬ್ರಿಡ್ಜ್‌ನಿಂದ ಶುರು ಮಾಡಿ. ಬಾಡಿಯ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಸ್ಪ್ರಿಂಗ್‌ಗಳು ಸಿಕ್ಕಿಸಿರುವ ಒಂದು ಲೋಹದ ಕೊಕ್ಕೆಪಟ್ಟಿ, ಅದಕ್ಕೆ ಎರಡು ಉದ್ದ ಸ್ಕ್ರೂ ಕಾಣುತ್ತವೆ. ಎರಡನ್ನೂ ಸಮವಾಗಿ ಅರ್ಧ ಸುತ್ತು ಸಡಿಲಿಸಿ, ಶ್ರುತಿ ಮಾಡಿ, ಬ್ರಿಡ್ಜ್‌ನ ಹಿಂಭಾಗ ಎಷ್ಟು ಎದ್ದಿದೆ ನೋಡಿ. ಫೆಂಡರ್ ಹೇಳುವುದು ಸುಮಾರು 3 ಮಿ.ಮೀ. ಮುಂಚೆ ನಿಮ್ಮದು ಎಷ್ಟಿತ್ತೋ ಅಷ್ಟಕ್ಕೆ ಬಂದರೆ ಸಾಕು. ಒಂದು ತಂತಿ ಶ್ರುತಿ ಮಾಡಿದರೆ ಉಳಿದವು ಇಳಿಯುತ್ತವೆ, ಮೂರು ನಾಲ್ಕು ಸಲ ಸುತ್ತು ಹೊಡೆಯಬೇಕಾಗುತ್ತದೆ. ತಾಳ್ಮೆ ಬೇಕು. ಟ್ರೆಮೊಲೊ ಕಡ್ಡಿ ನೀವು ಬಳಸುವುದೇ ಇಲ್ಲ ಅಂದರೆ ಈ ಕಷ್ಟ ಬೇಡ. ಬ್ರಿಡ್ಜ್ ಬಾಡಿಗೆ ಅಂಟಿಕೊಂಡೇ ಇರಲಿ, ಸ್ಯಾಡಲ್‌ಗಳನ್ನು ಏರಿಸಿಬಿಡಿ. ಶ್ರುತಿಯೂ ಗಟ್ಟಿಯಾಗಿ ನಿಲ್ಲುತ್ತದೆ. ಕಾಲೇಜು ಬ್ಯಾಂಡ್‌ಗೆ ನಾನಾದರೆ ಇದನ್ನೇ ಹೇಳುವುದು.

ನಂತರ ಟ್ರಸ್ ರಾಡ್. ಸರಿಯಾದ ಅಲೆನ್ ಕೀ ಇದ್ದರೆ ಮಾತ್ರ ಕೈ ಹಾಕಿ. ಕೆಲವು ಗಿಟಾರ್‌ಗೆ ಮಿ.ಮೀ. ಅಳತೆಯದು ಬೇಕು, ಕೆಲವಕ್ಕೆ ಇಂಚಿನದು. ಕೀ ಒಳಗೆ ಹೋದಮೇಲೆ ಸ್ವಲ್ಪವೂ ಆಡಬಾರದು. ಆಡಿದರೆ ಅದು ಸರಿಯಾದ ಕೀ ಅಲ್ಲ. ಗಡಿಯಾರದ ಮುಳ್ಳಿನ ದಿಕ್ಕಿಗೆ ಉಲ್ಟಾ ತಿರುಗಿಸಿದರೆ ರಾಡ್ ಸಡಿಲವಾಗಿ ನೆಕ್ ಮುಂದಕ್ಕೆ ಬರುತ್ತದೆ. ನಿಮಗೆ ಬೇಕಾದ್ದು ಆ ದಿಕ್ಕು. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಮರ ತಕ್ಷಣ ಪೂರ್ತಿ ಬಾಗುವುದಿಲ್ಲ, ರಾತ್ರಿ ಬಿಟ್ಟು ಬೆಳಿಗ್ಗೆ ಇನ್ನೊಮ್ಮೆ ನೋಡಿ. ಸಾಮಾನ್ಯವಾಗಿ ಅರ್ಧ ಸುತ್ತಿನೊಳಗೆ ಕೆಲಸ ಮುಗಿಯುತ್ತದೆ.

ಇಲ್ಲಿ ಅಪಾಯ ಎಲ್ಲಿದೆ ಅಂತ ಹೇಳಬೇಕು. ಸಡಿಲಿಸುವುದು ಬಿಗಿ ಮಾಡುವುದಕ್ಕಿಂತ ಸುರಕ್ಷಿತ, ನಿಜ. ಆದರೆ ರಾಡ್‌ನ ನಟ್ ಮಿಸುಕದಿದ್ದರೆ ಬಲ ಹಾಕಬೇಡಿ. ಕೆಲವು ರಾಡ್‌ಗಳು ಒಂದು ದಿಕ್ಕಿಗೆ ಮಾತ್ರ ಕೆಲಸ ಮಾಡುತ್ತವೆ. ಅಂಥದ್ದು ಪೂರ್ತಿ ಸಡಿಲಾಗಿ ಕೀ ಸುಮ್ನೆ ತಿರುಗುತ್ತಿದ್ದು, ನೆಕ್ ಇನ್ನೂ ಹಿಂದಕ್ಕೇ ಬಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಆ ನೆಕ್‌ಗೆ ಜಾಸ್ತಿ ಎಳೆತದ ತಂತಿಯೇ ಬೇಕು. ರಾಡ್‌ನ ನಟ್ ನೆಕ್‌ನ ಬುಡದಲ್ಲಿದ್ದು, ನೆಕ್ ಬಿಚ್ಚಿ ತಿರುಗಿಸಬೇಕಾದ ಗಿಟಾರ್ ಆಗಿದ್ದರೆ ಮೊದಲ ಸಲ ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ರಿಲೀಫ್ ಕೂತಮೇಲೆ ಆಕ್ಷನ್. ಪ್ರತಿ ಸ್ಯಾಡಲ್‌ಗೆ ಎರಡು ಪುಟ್ಟ ಸ್ಕ್ರೂ ಇವೆ, ಎರಡನ್ನೂ ಸಮವಾಗಿ ತಿರುಗಿಸಿ. ಕಂಪನಿಯ 1.6 ಮಿ.ಮೀ. ಮಾಮೂಲಿ ಶ್ರುತಿಗೆ ಹೇಳಿದ್ದು. ಅರ್ಧ ಸ್ವರ ಇಳಿಸಿ ನುಡಿಸುವವರಿಗೆ ದಪ್ಪ ಇ, ಎ ತಂತಿಗಳನ್ನು ನಾನು 1.8ರಿಂದ 2 ಮಿ.ಮೀ. ಇಡುತ್ತೇನೆ. ಆರೂ ತಂತಿಗಳ ಎತ್ತರ ಫ್ರೆಟ್‌ಬೋರ್ಡ್‌ನ ಉಬ್ಬಿಗೆ ಹೊಂದಿಕೊಂಡಿರಬೇಕು, ಮಧ್ಯದವು ಸ್ವಲ್ಪ ಮೇಲೆ, ಅಂಚಿನವು ಕೆಳಗೆ. ಕೊನೆಗೆ ಟ್ಯೂನರ್ ಹಾಕಿ 12ನೇ ಫ್ರೆಟ್‌ನ ಸ್ವರ ಓಪನ್ ಸ್ವರದ ಸರಿಯಾದ ಮೇಲಿನ ಸ್ಥಾಯಿಯೇ ಅಂತ ನೋಡಿ, ಇಲ್ಲದಿದ್ದರೆ ಸ್ಯಾಡಲ್ ಹಿಂದೆ ಮುಂದೆ ಮಾಡಿ.

ಇಷ್ಟಾದ ಮೇಲೂ ಸ್ವಲ್ಪ ಜಿರ್ ಉಳಿಯಬಹುದು. ಆಂಪ್ ಹಾಕಿ, ಡಿಸ್ಟಾರ್ಷನ್ ಇಲ್ಲದೆ, ನೀವು ವೇದಿಕೆಯಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸಿ. ಸ್ಪೀಕರ್‌ನಲ್ಲಿ ಕೇಳದಿದ್ದರೆ ಬಿಟ್ಟುಬಿಡಿ. ಎಲೆಕ್ಟ್ರಿಕ್ ಗಿಟಾರನ್ನು ಆಂಪ್ ಇಲ್ಲದೆ, ರಾತ್ರಿ ಹತ್ತು ಗಂಟೆಗೆ, ಕಿವಿ ಹತ್ತಿರ ಇಟ್ಟು ಕೇಳಿದರೆ ಎಂಥ ದುಬಾರಿ ಗಿಟಾರೂ ಅಲ್ಲಿ ಇಲ್ಲಿ ಜಿರ್ ಅನ್ನುತ್ತದೆ. ಅದನ್ನೂ ಸೊನ್ನೆ ಮಾಡಲು ಹೊರಟವರು ತಂತಿ ಏರಿಸುತ್ತಾ ಏರಿಸುತ್ತಾ ಕೊನೆಗೆ ಬೆರಳು ನೋವು ಅಂತ ವಾಪಸ್ ಬರುತ್ತಾರೆ. ಅಂದಹಾಗೆ ಈ ಸದ್ದಿಗಾಗಿಯೇ ಕಷ್ಟಪಡುವವರೂ ಇದ್ದಾರೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ದಾರದ ಎಳೆ ಇಟ್ಟು ಅತ್ತಿತ್ತ ಜರುಗಿಸುತ್ತಾರಲ್ಲ, ತಂತಿ ಹದವಾಗಿ ಮೇಲ್ಮೈಗೆ ತಾಗುತ್ತಾ ಝೇಂಕರಿಸಲಿ ಅಂತಲೇ. ಅಮ್ಮನಿಗೆ ಇದು ಗೊತ್ತಿರುತ್ತದೆ.

14ನೇ ಫ್ರೆಟ್

ಇದು ಮಾತ್ರ ಫ್ರೆಟ್‌ನದೇ ತೊಂದರೆ ಇರಬಹುದು. ಒಂದು ತಂತಿ, ಒಂದು ಜಾಗ, ಸ್ವರ ಟಪ್ ಅಂತ ಕತ್ತರಿಸಿದ ಹಾಗೆ ನಿಲ್ಲುವುದು, ಇಷ್ಟೂ ಸೇರಿದರೆ 15ನೇ ಫ್ರೆಟ್ ಆ ಜಾಗದಲ್ಲಿ ಸ್ವಲ್ಪ ಎದ್ದಿದೆ ಅಂತ ಲೆಕ್ಕ. ಪರೀಕ್ಷೆ ಸುಲಭ. ಗಟ್ಟಿಯಾದ, ಅಂಚು ನೇರ ಇರುವ ಒಂದು ತುಂಡು ಬೇಕು. ಅದನ್ನು ಫ್ರೆಟ್‌ಗಳಿಗೆ ಅಡ್ಡಲಾಗಿ, ಸರಿಯಾಗಿ ಮೂರು ಫ್ರೆಟ್‌ಗಳ ಮೇಲೆ ಮಾತ್ರ ಕೂರುವ ಹಾಗೆ ಇಡಿ. ಕುಂಟಿದರೆ ಮಧ್ಯದ ಫ್ರೆಟ್ ಎತ್ತರ. ಮೊದಲ ಕೆಲವು ಫ್ರೆಟ್‌ಗಳಿಗೆ ಹಳೆಯ ಎಟಿಎಂ ಕಾರ್ಡಿನ ಉದ್ದದ ಅಂಚು ಆಗುತ್ತದೆ, 7ನೇ ಫ್ರೆಟ್‌ನಿಂದ ಗಿಡ್ಡ ಅಂಚು. 12ರ ಮೇಲೆ ಫ್ರೆಟ್‌ಗಳು ಹತ್ತಿರ ಬರುವುದರಿಂದ ಗಿಡ್ಡ ಅಂಚೂ ಉದ್ದವಾಗುತ್ತದೆ. ಕಾರ್ಡನ್ನು 40 ಮಿ.ಮೀ.ಗೆ ಕತ್ತರಿಸಿ, ಕತ್ತರಿಸದ ಅಂಚನ್ನೇ ಫ್ರೆಟ್ ಮೇಲೆ ಇಟ್ಟು, 14, 15, 16ರ ಮೇಲೆ ಜಿ ತಂತಿಯ (ನಿಮ್ಮ ಮೂರನೇ ತಂತಿ) ಪಕ್ಕ ನೋಡಿ. ರಿಲೀಫ್ ಸರಿ ಮಾಡಿದ ಮೇಲೆಯೇ ಈ ಪರೀಕ್ಷೆ ಮಾಡಿ. ನೆಕ್ ಬಾಗಿರುವಾಗ ಫ್ರೆಟ್‌ಗಳ ಮಟ್ಟ ನೋಡಿ ತೀರ್ಪು ಕೊಡುವುದು ಸರಿಯಲ್ಲ. ಅಂಗಡಿಯವರು ಎಡವಿದ್ದು ಇಲ್ಲೇ ಇರಬಹುದು ಅಂತ ನನ್ನ ಗುಮಾನಿ.

ಫ್ರೆಟ್ ಎದ್ದಿದ್ದರೆ ಸ್ವತಃ ಅರ ಹಿಡಿಯಬೇಡಿ. ಕೆಲವು ಸಲ ಫ್ರೆಟ್ ತನ್ನ ಸೀಳಿನಿಂದ ಸ್ವಲ್ಪ ಸಡಿಲಾಗಿ ಮೇಲೆ ಬಂದಿರುತ್ತದೆ, ಅದನ್ನು ಮತ್ತೆ ಒತ್ತಿ ಅಂಟು ಬಿಟ್ಟರೆ ಆಯಿತು. ಗಟ್ಟಿಯಾಗಿದ್ದೂ ಎತ್ತರ ಇದ್ದರೆ ಅಷ್ಟೇ ಜಾಗವನ್ನು ಉಜ್ಜಿ ಮಟ್ಟ ಮಾಡಿ, ಮತ್ತೆ ದುಂಡಗೆ ಮಾಡಿ, ಪಾಲಿಶ್ ಮಾಡುತ್ತಾರೆ. ಒಂದು ಫ್ರೆಟ್‌ನ ಕೆಲಸಕ್ಕೆ ಇಡೀ ನೆಕ್‌ನ ಬಿಲ್ ಬರಬಾರದು.

ರೀಫ್ರೆಟ್ ನಿಜವಾಗಿ ಬೇಕಾಗುವ ಸಂದರ್ಭವೂ ಇದೆ. ಮೊದಲ ಮೂರು ನಾಲ್ಕು ಫ್ರೆಟ್‌ಗಳಲ್ಲಿ ತಂತಿಯ ಕೆಳಗೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗುಳಿ, ಫ್ರೆಟ್‌ನ ನೆತ್ತಿ ಚಪ್ಪಟೆ, ಎತ್ತರ 0.6 ಮಿ.ಮೀ.ಗಿಂತ ಕಡಿಮೆ. ಹೊಸ ಫ್ರೆಟ್ ಸುಮಾರು 1 ಮಿ.ಮೀ. ಅಥವಾ ಸ್ವಲ್ಪ ಹೆಚ್ಚು ಇರುತ್ತದೆ. ಪ್ರತಿ ಸಲ ಮಟ್ಟ ಮಾಡಿದಾಗಲೂ ಎತ್ತರ ಕಡಿಮೆಯಾಗುತ್ತದೆ, ಆದ್ದರಿಂದ ಸುಮ್ನೆ ಒಂದು ಸಲ ಲೆವೆಲ್ ಮಾಡಿಬಿಡೋಣ ಅನ್ನುವವರಿಗೂ ಬೇಡ ಅನ್ನಿ. ಅಂಗಡಿಗೆ ಮತ್ತೆ ಹೋದರೆ ಜಗಳ ಬೇಡ, ಎರಡೇ ಪ್ರಶ್ನೆ ಕೇಳಿ: ಈಗ ರಿಲೀಫ್ ಎಷ್ಟಿದೆ, ಫ್ರೆಟ್‌ನ ಎತ್ತರ ಎಷ್ಟು ಮಿ.ಮೀ. ಉಳಿದಿದೆ. ಅಳೆದು ತೋರಿಸುವವರ ಹತ್ತಿರ ಕೆಲಸ ಕೊಡಿ.

ಆಂಪ್‌ನ ಗುಂಯ್ ಸದ್ದಿಗೂ ತಂತಿಗೂ ಸಂಬಂಧವಿಲ್ಲ. ಸಿಂಗಲ್ ಕಾಯಿಲ್ ಪಿಕಪ್‌ಗಳು ಮನೆಯ 50 ಹರ್ಟ್ಸ್ ಕರೆಂಟಿನ ಗುಂಯ್ ಹಿಡಿಯುತ್ತವೆ, ಸುತ್ತಲಿನ ವೈರ್‌ಗಳಿಂದ ನಿಮ್ಮ ದೇಹವೂ ಒಂದಿಷ್ಟು ಸದ್ದು ಹಿಡಿದು ಪಿಕಪ್‌ಗೆ ದಾಟಿಸುತ್ತದೆ. ತಂತಿ ಮುಟ್ಟಿದಾಗ ಕಡಿಮೆಯಾದರೆ ಬ್ರಿಡ್ಜ್‌ನ ಅರ್ತ್ ವೈರ್ ಕೆಲಸ ಮಾಡುತ್ತಿದೆ ಅಂತ ಅರ್ಥ, ಅದು ಒಳ್ಳೆಯದೇ. ಆದರೆ ಒಂದು ವಿಷಯದಲ್ಲಿ ಸಲಿಗೆ ಬೇಡ. ಆಂಪ್‌ನ ಮೂರು ಪಿನ್ ಪ್ಲಗ್‌ಗೆ ಎರಡು ಪಿನ್‌ನ ಅಡಾಪ್ಟರ್ ಹಾಕಿ ನುಡಿಸಬೇಡಿ. ಗಿಟಾರ್ ಹಿಡಿದು ಮೈಕ್‌ಗೆ ತುಟಿ ತಾಗಿದಾಗ ಜುಮ್ ಅಂದರೆ ತಕ್ಷಣ ನಿಲ್ಲಿಸಿ, ಹಾಲ್‌ನ ಅರ್ತಿಂಗನ್ನು ಎಲೆಕ್ಟ್ರಿಷಿಯನ್ ನೋಡುವವರೆಗೆ ಮುಟ್ಟಬೇಡಿ. ಮಳೆಗಾಲದಲ್ಲಂತೂ ಇದು ಆಟವಲ್ಲ.

ಮಳೆಗಾಲ ಅಂದಾಗ ಇನ್ನೊಂದು ಮಾತು. ನಿಮ್ಮ ಕಡೆಯ ತೇವಕ್ಕೆ ಮರ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ನೆಕ್ ಅದರಿಂದಲೂ ಅಲ್ಪಸ್ವಲ್ಪ ಕದಲುತ್ತದೆ. ಯಾವ ದಿಕ್ಕಿಗೆ ಅನ್ನುವುದು ಗಿಟಾರಿನಿಂದ ಗಿಟಾರಿಗೆ ಬೇರೆ. ಮಳೆ ಹಿಡಿದಾಗ ಒಮ್ಮೆ, ಬೇಸಿಗೆ ಶುರುವಾದಾಗ ಒಮ್ಮೆ ರಿಲೀಫ್ ಅಳೆದರೆ ಸಾಕು. ವಾರಕ್ಕೊಮ್ಮೆ ರಾಡ್ ತಿರುಗಿಸಬೇಡಿ.

ತಂತಿ ಯಾವುದು ಹಾಕಬೇಕು?

ನೀವು ಇದನ್ನು ಕೇಳಿಲ್ಲ, ಆದರೆ ನನ್ನ ಮಟ್ಟಿಗೆ ಪತ್ರದ ಮುಖ್ಯ ಪ್ರಶ್ನೆ ಇದೇ. ನೀವು 9ಕ್ಕೆ ಹೋದದ್ದು ಬೆರಳು ನೋವಿಗೆ. ಅದೇ ಸಮಯಕ್ಕೆ ಅರ್ಧ ಸ್ವರ ಇಳಿಸಿದ್ದು ಹಾಡುಗಾರನಿಗೆ. ಎರಡನೆಯದು ಮಾಡಿದಮೇಲೆ ಮೊದಲನೆಯದರ ಅಗತ್ಯವೇ ಹೆಚ್ಚು ಕಡಿಮೆ ಹೋಗುತ್ತದೆ. 10ರ ಸೆಟ್ಟನ್ನು ಅರ್ಧ ಸ್ವರ ಇಳಿಸಿ ಕಟ್ಟಿದರೆ ಒಟ್ಟು ಎಳೆತ ಸುಮಾರು 42 ಕಿಲೋ. ನೀವು ಮುಂಚೆ ನೋವು ತಿನ್ನುತ್ತಿದ್ದ 47ಕ್ಕಿಂತ ಸಾಕಷ್ಟು ಮೆತ್ತಗೆ, ಮಾಮೂಲಿ ಶ್ರುತಿಯ 9ರ ಸೆಟ್‌ಗಿಂತ ಮೂರು ನಾಲ್ಕು ಕಿಲೋ ಮಾತ್ರ ಗಟ್ಟಿ. ಹಾಗಾಗಿ ರಾಡ್, ಸ್ಪ್ರಿಂಗ್ ಏನೂ ಮುಟ್ಟುವ ಮುಂಚೆ ಒಂದು ಹೊಸ 10ರ ಸೆಟ್ ಹಾಕಿ, ಅರ್ಧ ಸ್ವರ ಇಳಿಸಿ, ಒಂದು ದಿನ ಬಿಟ್ಟು ನುಡಿಸಿ ನೋಡಿ. ಬ್ರಿಡ್ಜ್ ತಾನಾಗಿ ಸ್ವಲ್ಪ ಏಳಬಹುದು, ಜಿರ್ ಮುಕ್ಕಾಲು ಪಾಲು ಹೋಗಬಹುದು. ಉಳಿದದ್ದಕ್ಕೆ ಮೇಲೆ ಹೇಳಿದ ಕಾಲು ಸುತ್ತಿನ ಕೆಲಸ.

ಬೆಂಡ್ ಮಾಡುವಾಗ (ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವಾಗ) ಸಣ್ಣ ತಂತಿಗಳೇ ನೋಯಿಸುತ್ತವೆ ಅಂದರೆ 9-46 ಅಂತ ಮಿಶ್ರ ಸೆಟ್ ಸಿಗುತ್ತದೆ. ಸಣ್ಣ ಮೂರು ತಂತಿ 9ರ ಸೆಟ್‌ನವು, ದಪ್ಪ ಮೂರು 10ರ ಸೆಟ್‌ನವು. ಬೆರಳಿಗೆ ಹಗುರ, ಜಿರ್ ಅನ್ನುತ್ತಿದ್ದ ಕಡೆ ಬಿಗಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಹಾಕುತ್ತಿದ್ದೆ. ಯಾವುದನ್ನು ಹಾಕಿದರೂ ಅದರಲ್ಲೇ ನಿಲ್ಲಿ, ಸೆಟ್ ಬದಲಿಸಿದಾಗಲೆಲ್ಲ ಅಳತೆ ಮೊದಲಿನಿಂದ ತೆಗೆಯಬೇಕಾಗುತ್ತದೆ. ಇಷ್ಟು ಮಾಡಿಯೂ ಸರಿಹೋಗದಿದ್ದರೆ 8ನೇ ಫ್ರೆಟ್‌ನ ಸಂದು, 17ನೇ ಫ್ರೆಟ್‌ನಲ್ಲಿ ಎರಡೂ ಅಂಚಿನ ತಂತಿಗಳ ಎತ್ತರ, ಬ್ರಿಡ್ಜ್ ಎಷ್ಟು ಎದ್ದಿದೆ ಅನ್ನುವುದು, ಇವನ್ನು ಬರೆದು ಕಳಿಸಿ.